ಹಾಸಿಗೆಗೆ ಬಾಡಿಗೆ, ರೊಟ್ಟಿಗಿಲ್ಲ

ಕುಮಟಾ
೧೪ ನವೆಂಬರ್ ೧೯೫೪

ಅಣ್ಣ ಜಂಬಣ್ಣನಿಗೆ ತಂಗಿ ಕಸ್ತೂರಿಯ ಶರಣು.

ಸೊಂಟ ಮುರಿದುಕೊಂಡು, ಮೈಯೆಲ್ಲ ಧೂಳಾಗಿ, ಅಂತೂ ಬಂದು ಮುಟ್ಟಿದೆವು. ಘಟ್ಟದ ತಿರುವುಗಳಲ್ಲಿ ಯಮನೂರಮ್ಮ ಕಣ್ಣು ಮುಚ್ಚಿ ನಮ್ಮ ದೇವರು ಮಸ್ಕಿ ಮಲ್ಲಯ್ಯನನ್ನು ಎಷ್ಟು ಜೋರಾಗಿ ಕರೆದಳೆಂದರೆ, ಯಾರೋ ಇಳಿಯುವವರಿದ್ದಾರೆಂದು ಡ್ರೈವರ್ ಬಸ್ಸನ್ನೇ ನಿಲ್ಲಿಸಿಬಿಟ್ಟ. ರೊಟ್ಟಿ ಬಡಿಯಲು ನೀನು ನನ್ನ ಜೊತೆ ಕಳಿಸಿದ ಹೆಂಗಸು ದಾರಿಯುದ್ದಕ್ಕೂ ನನಗೇ ಧೈರ್ಯ ಹೇಳುವ ಕೆಲಸ ಕೊಟ್ಟಳು.

ಸಮುದ್ರ ನೋಡಿದೆ ಅಣ್ಣ. ನೋಡಿ ದಂಡೆಯ ಮರಳಿನಲ್ಲಿ ಕೂತುಬಿಟ್ಟೆ. ಯಮನೂರಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಷ್ಟು ನೀರು ಇಟಗೊಂಡು ಒಂದು ಚರಿಗಿ ಕುಡಿಯಾಕ ಬರಂಗಿಲ್ಲಂದ್ರ ಏನು ಉಪಯೋಗರೀ? ನಮ್ಮ ಊರಿನ ಬಾವಿನ ಚಲೋ" ಎಂದಳು. ಮಾತು ಹಾಗೆ ಆಡಿದಳೇ ಹೊರತು ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ.

ಮನೆ ದೊಡ್ಡದು. ಮುಂದೆ ಸಮುದ್ರ, ಹಿಂದೆ ಗುಡ್ಡ, ನಡುವೆ ನಾವು. ಮಹಡಿಯ ಮೇಲೆ ನಾಲ್ಕು ಕೋಣೆ ಸುಮ್ಮನೆ ಬಿದ್ದಿವೆ. ಮನೆಯ ಒಡೆಯರು ಮುಂಬೈಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದಾರೆ, ದೀಪ ಹಚ್ಚಿ ಕಸ ಗುಡಿಸಿಕೊಂಡಿದ್ದರೆ ಸಾಕು, ಬಾಡಿಗೆ ಬೇಡ ಎಂದಿದ್ದಾರೆ. ಇವರ ಕೆಮ್ಮು ಇನ್ನೂ ಇದೆ. ಲಿಂಗಸುಗೂರಿನ ಶಾಲೆಯಲ್ಲಿ ಹದಿನೈದು ವರ್ಷ ಪಾಠ ಹೇಳಿದ ಎದೆ ನಾಲ್ಕು ದಿನದ ಗಾಳಿಗೆ ಸರಿಹೋಗುತ್ತದೆಯೇ? ರಾಯಚೂರಿನ ಡಾಕ್ಟರು ವರ್ಷ, ಎರಡು ವರ್ಷ ಸಮುದ್ರದ ಗಾಳಿ ಬೇಕು ಎಂದಿದ್ದಾರೆ. ನೌಕರಿ ಬಿಟ್ಟವರಿಗೆ ವರ್ಷ ಬೇಗ ಹೋಗಲಿ.

ಒಂದೇ ಸಂಕಟ. ಎಳ್ಳ ಅಮಾವಾಸ್ಯೆಗೆ ಪ್ರತಿವರ್ಷ ನೀನು ಬಂಡಿ ಹೂಡಿಕೊಂಡು ಬಂದು ಕರೆದೊಯ್ಯುತ್ತಿದ್ದೆ, ನಾನು ಭೂತಾಯಿಗೆ ಎಡೆಯೆಂದು ನಮ್ಮ ಹೊಲದ ಸುತ್ತ ಚರಗ ಚೆಲ್ಲಿ ಬರುತ್ತಿದ್ದೆ. ಈ ಸಲ ಇವರನ್ನು ಬಿಟ್ಟು ಬರಲಾರೆ. ಮುಂದಿನ ವರ್ಷ ಮಾತ್ರ ಬಂದು ಕರೆಯಬೇಕು. ನನ್ನ ಮನೆಯಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಕರೆದೊಯ್ಯಬೇಕು.

ಕಸ್ತೂರಿ


ಮಸ್ಕಿ
೨ ಡಿಸೆಂಬರ್ ೧೯೫೪

ಚಿ. ಸೌ. ಕಸ್ತೂರೆಮ್ಮಳಿಗೆ ಜಂಬಣ್ಣನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ. ಅಲ್ಲಿಯೂ ಆರಾಮವೆಂದು ಹಿಡಿದುಕೊಂಡು ಮುಂದಿನ ಮಾತು ಬರೆಯುತ್ತೇನೆ.

ಸಮುದ್ರದ ಹತ್ತಿರ ಹೋಗಬೇಡ. ಹೋದರೂ ಕಾಲು ಇಳಿಬಿಡಬೇಡ. ನಿನ್ನ ಗಂಡ ಮರಿಸ್ವಾಮಿಯನ್ನು ತಲೆಗೆ ರುಮಾಲು ಕಟ್ಟದೆ ಹೊರಗೆ ಬಿಡಬೇಡ. ಕುಮಟಾ ಎಂದರೆ ನನಗೆ ಗೊತ್ತಿರುವುದು ಹತ್ತಿಯ ತಳಿ. ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಕುಮಟಾ ಕುಮಟಾ ಎಂದು ಹತ್ತಿಯ ಅಂಡಿಗೆ ತೂಗಿಸಿದ್ದೇನೆ, ಅಲ್ಲಿ ಮನುಷ್ಯರು ಇರುತ್ತಾರೆಂಬ ಖಬರೇ ನನಗಿರಲಿಲ್ಲ.

ಈ ಕಡೆಯ ಹಕೀಕತ್ತು ಇಷ್ಟು. ಜವಳಗೇರಾ ಕಡೆ ಕಾಲುವೆ ತೋಡುತ್ತಿದ್ದಾರೆ, ನೀರು ಬಂದರೆ ಜೋಳ ಬಿಟ್ಟು ಭತ್ತ ಹಾಕುತ್ತಾರಂತೆ. ಇನ್ನೊಂದು ಸುದ್ದಿ ಬರೆಯಲು ನಾಚಿಕೆ. ದೊಡ್ಡಪ್ಪನ ಮಗ ಆದೆಪ್ಪ ಬಸ್ಸು ನಿಲ್ಲುವಲ್ಲಿ ಖಾನಾವಳಿ ತೆರೆದಿದ್ದಾನೆ. ಉಂಡವರಿಂದ ರೊಕ್ಕ ಎಣಿಸಿಕೊಳ್ಳುತ್ತಾನೆ. ನಮ್ಮ ಮನೆತನದಲ್ಲಿ ದಾರಿಹೋಕರಿಗೆ ಹಾಸಿ, ಹೊದಿಸಿ, ಉಣಿಸಿ, ಹೆಸರೂ ಕೇಳದೆ ಕಳಿಸಿದ್ದು ನಿನಗೆ ಗೊತ್ತು. "ಅನ್ನ ಮಾರಿದವನ ಮನ್ಯಾಗ ನೀರ ಸೈತ ಕುಡಿಬ್ಯಾಡ" ಎಂದು ಅಪ್ಪ ಹೇಳುತ್ತಿದ್ದ. ನಾನು ಆದೆಪ್ಪನ ಮನೆಯ ನೀರು ಬಿಟ್ಟಿದ್ದೇನೆ. ಅವನ ಮಗಳ ಸೀಮಂತಕ್ಕೂ ಹೋಗಿ ಅಂಗಳದಲ್ಲಿ ನಿಂತು ಬಂದೆ.

ಮುಂದಿನ ವರ್ಷ ಬಂದೇ ಬರುತ್ತೇನೆ. ನಿನ್ನ ಮನೆಯಲ್ಲಿ ಉಂಡೇ ಕರೆದೊಯ್ಯುತ್ತೇನೆ. ಇದು ಅಣ್ಣನ ಮಾತು.

ಜಂಬಣ್ಣ


ಕುಮಟಾ
೨೦ ಫೆಬ್ರವರಿ ೧೯೫೫

ಅಣ್ಣನಿಗೆ ಶರಣು.

ಉತ್ತರ ತಡವಾಯಿತು. ಖಾನಾವಳಿಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಆದೆಪ್ಪಣ್ಣ ಚಿಕ್ಕಂದಿನಲ್ಲೂ ಹಾಗೇ, ಯಾರ ಮಾತೂ ಕೇಳುತ್ತಿರಲಿಲ್ಲ.

ಇಲ್ಲಿ ಮನೆ ತುಂಬ ಜನ. ಸಂಕ್ರಾಂತಿಯ ಹೊತ್ತಿಗೆ ಹುಬ್ಬಳ್ಳಿಯ ಮಾಸ್ತರರೊಬ್ಬರು ಹೆಂಡತಿಯ ಜೊತೆ ಯಾಣದ ಬಂಡೆ ನೋಡಲು ಬಂದಿದ್ದರು. ಊರೆಲ್ಲ ಮೀನಿನ ವಾಸನೆ, ಅವರಿಗೆ ಉಣ್ಣಲು ಜಾಗವಿಲ್ಲ, ಮಲಗಲು ಜಾಗವಿಲ್ಲ. ನಮ್ಮ ಹಣೆಯ ವಿಭೂತಿ ನೋಡಿ ಬಾಗಿಲು ಬಡಿದರು. ಒಂದು ರಾತ್ರಿಗೆಂದು ಬಂದವರು ವಾರವಿದ್ದರು. ಹೋಗಿ ಹತ್ತು ಜನರಿಗೆ ಹೇಳಿದರು. ಈಗ ಗದಗಿನವರು, ಬಾಗಲಕೋಟೆಯವರು, ಒಮ್ಮೆ ಪುಣೆಯವರು. ಮಹಡಿಯ ನಾಲ್ಕೂ ಕೋಣೆಯಲ್ಲಿ ಹಾಸಿಗೆ ಹಾಸಿದ್ದೇನೆ.

ಬೆಳಗ್ಗೆ ಎದ್ದವರಿಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಕೆನೆಮೊಸರು, ಒಂದೊಂದು ದಿನ ಚುರುಮುರಿಯ ಮಂಡಾಳ ಒಗ್ಗರಣೆ. ಸಂಜೆ ಇವರ ಹಿಂದೆ ಗುಡ್ಡ ಹತ್ತುತ್ತಾರೆ. ಹೌದು ಅಣ್ಣ, ನಿಮ್ಮ ಮರಿಸ್ವಾಮಿ ಗುಡ್ಡ ಹತ್ತುತ್ತಾರೆ. ಮೊದಲು ಅರ್ಧಕ್ಕೆ ಕೂತು ಉಳಿದವರನ್ನು ಮುಂದೆ ಕಳಿಸುತ್ತಿದ್ದರು. ಈಗ ತುದಿಗೆ ಹೋಗಿ, ಸೂರ್ಯ ಮುಳುಗುವುದನ್ನು ತೋರಿಸಿ, ಭೂಗೋಳದ ಪಾಠ ಹೇಳಿಯೇ ಇಳಿಸುತ್ತಾರೆ. ಪುಣೆಯವರೊಬ್ಬರು, ಗುಡ್ಡಕ್ಕಿಂತ ಪಾಠವೇ ಉದ್ದ ಎಂದರು.

ಇವರ ಸಂಬಳ ನಿಂತಿದೆಯಲ್ಲ ಎಂದು ನೀನು ಚಿಂತೆ ಮಾಡಬೇಡ. ಹೇಗೋ ನಡೆದಿದೆ. ಜೋಳ ಮಾತ್ರ ಈ ಸೀಮೆಯಲ್ಲಿ ದೇವರಾಣೆ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು.

ಕಸ್ತೂರಿ


ಮಸ್ಕಿ
೧೧ ಮಾರ್ಚ್ ೧೯೫೫

ಚಿ. ಸೌ. ಕಸ್ತೂರೆಮ್ಮಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಕೇಳಿದವರೆಲ್ಲ ತಲೆದೂಗಿದರು. ನಮ್ಮಪ್ಪ ಮಸ್ಕಿಯಲ್ಲಿ ಮಾಡಿದ ದಾಸೋಹವನ್ನು ಮಗಳು ಸಮುದ್ರದ ದಂಡೆಗೆ ಒಯ್ದಿದ್ದಾಳೆ. ಗಂಡನ ಸಂಬಳ ನಿಂತ ಕಾಲದಲ್ಲಿ ನಾಲ್ಕು ಕೋಣೆ ತುಂಬ ಬಂದವರಿಗೆ ಹಾಸಿ ಉಣಿಸುತ್ತಿದ್ದಾಳೆ. ಇಷ್ಟಾಗಿಯೂ ಅಣ್ಣನಿಂದ ಕೇಳಿದ್ದು ಬರೀ ಜೋಳ. ನಾನು ಅತ್ತೆ ಎಂದರೆ ನಿನ್ನ ಅತ್ತಿಗೆ ವೀರಭದ್ರಮ್ಮ ನಂಬುವುದಿಲ್ಲ, ಆದರೂ ಅತ್ತದ್ದು ನಿಜ. ಮಠದ ಅಯ್ಯನವರ ಮುಂದೆಯೂ ಹೇಳಿದೆ. ಅವರು ನಿನ್ನ ಹೆಸರು ಹಿಡಿದು ಆಶೀರ್ವಾದ ಮಾಡಿದರು.

ಉಪ್ಪು, ತೆಂಗಿನಕಾಯಿ ತರಲು ಲಾರಿ ಹೊಡೆದುಕೊಂಡು ಆ ಕಡೆ ಬರುವ ಕರೀಂಸಾಬನ ಕೈಯಲ್ಲಿ ಬಿಳಿಜೋಳ, ತೊಗರಿಬೇಳೆ, ಶೇಂಗಾ, ಮೆಣಸಿನಕಾಯಿ ಕಳಿಸಿದ್ದೇನೆ. ಜೋಳ ನಮ್ಮ ಸಂತೆಕಲ್ಲೂರು ಹಾದಿಯ ಹೊಲದ್ದು, ಕೊಂಡದ್ದಲ್ಲ. ಇದು ದಾಸೋಹದ ಜೋಳ ಎಂದು ಹೇಳಿಯೇ ಚೀಲದ ಬಾಯಿ ಹೊಲಿಸಿದ್ದೇನೆ.

ಜಂಬಣ್ಣ


ಕುಮಟಾ
೨೮ ಜೂನ್ ೧೯೫೫

ಅಣ್ಣನಿಗೆ ಶರಣು.

ಜೋಳ ಮುಟ್ಟಿತು. ಯಮನೂರಮ್ಮ ಚೀಲದೊಳಗೆ ಮೂಗು ಇಟ್ಟು ಊರಿನ ವಾಸನೆ ಹೀರಿದಳು. ನಾನೂ ಹೀರಿದೆ.

ಇಲ್ಲಿ ಮಳೆ ಹಿಡಿದಿದೆ. ನಮ್ಮ ಕಡೆ ವರ್ಷಕ್ಕೆ ಬೀಳುವುದು ಇಲ್ಲಿ ಒಂದು ಮಧ್ಯಾಹ್ನದಲ್ಲಿ ಬೀಳುತ್ತದೆ. ಬರುವವರಿಲ್ಲ, ಕೋಣೆ ಖಾಲಿ. ಇವರಿಗೆ ಪಾಠ ಕೇಳುವವರಿಲ್ಲದೆ ಯಮನೂರಮ್ಮನಿಗೆ ಅಕ್ಷರ ಕಲಿಸುತ್ತಿದ್ದಾರೆ. ಮಳೆಗಾಲವಾದರೂ ಕೆಮ್ಮಿಲ್ಲ.

ಇನ್ನು ಮುಂದೆ ಜೋಳ ಕಳಿಸಬೇಡ ಅಣ್ಣ. ಅಂಗಡಿಯಲ್ಲಿ ನನ್ನ ಕಾಗದ ಓದುವುದೂ ಬೇಡ. ನೀನು ಬಂದಾಗ ಎದುರಿಗೆ ಕೂತು ಹೇಳುವ ಮಾತೊಂದಿದೆ. ಕಾಗದದಲ್ಲಿ ಬರೆಯಲು ನಾಲ್ಕು ಸಲ ಕೂತೆ, ಆಗಲಿಲ್ಲ.

ಕಸ್ತೂರಿ


ಮಸ್ಕಿ
೧೦ ಜುಲೈ ೧೯೫೫

ಚಿ. ಸೌ. ಕಸ್ತೂರೆಮ್ಮಳಿಗೆ ಆಶೀರ್ವಾದ.

ಬೇಡವೆಂದರೆ ಬಿಡುವವನಲ್ಲ ನಾನು. ದಾನ ಮಾಡುವವರು ಹೊಗಳಿಕೆಗೆ ಸಂಕೋಚಪಡುವುದು ಸಹಜ, ಅಪ್ಪನೂ ಹೀಗೇ ಇದ್ದ. ಮಳೆ ನಿಂತ ಮೇಲೆ ಮೊದಲಿನ ಎರಡರಷ್ಟು ಕಳಿಸುತ್ತೇನೆ. ಎದುರಿಗೆ ಹೇಳುವ ಮಾತು ಏನೆಂದು ನಿನ್ನ ಅತ್ತಿಗೆ ಅಂದಾಜು ಮಾಡಿದ್ದಾಳೆ. ಮೂರು ತಿಂಗಳಾಗಿದ್ದರೆ ಭಾರ ಎತ್ತಬೇಡ ಎಂದು ಹೇಳಿದ್ದಾಳೆ.

ಜಂಬಣ್ಣ


ಮಸ್ಕಿ
೬ ಡಿಸೆಂಬರ್ ೧೯೫೫

ಕಸ್ತೂರೆಮ್ಮಳಿಗೆ.

ಈ ಸಲದ ಜೋಳ ಮುಟ್ಟಿಸಿ ಕರೀಂಸಾಬ್ ನಿನ್ನೆ ಬಂದ. ಲಾರಿ ಕೆಟ್ಟು ನಿಮ್ಮಲ್ಲಿ ರಾತ್ರಿ ಉಳಿದನಂತೆ. ಪಾಪ, ಹೊಗಳಬೇಕೆಂದೇ ಅಂಗಡಿ ತುಂಬ ಜನರಿದ್ದಾಗ ಹೇಳಿದ. "ಅಕ್ಕಾರ ಮನಿ ಫಸ್ಟ್‌ಕ್ಲಾಸ್ ಐತ್ರೀ ಸಾವುಕಾರ್ರ. ಬಾಗಲಕ್ಕ ಬೋರ್ಡ್ ಹಾಕ್ಯಾರ. ಗದಗಿನ ಮಂದಿ ಹೊಂಡೂ ಮುಂದ ರೊಕ್ಕ ಎಣಿಸಿ ಕೊಟ್ರು, ಅಕ್ಕಾರು ಸೆರಗಿನ್ಯಾಗ ಕಟಗೊಂಡ್ರು. ಧಂದಾ ಜೋರ್ ನಡದೈತಿ."

ಆದೆಪ್ಪನ ಮಗನೂ ಅಲ್ಲೇ ಇದ್ದ.

ಈ ವರ್ಷ ಕರೆಯಲು ಬರುವುದಿಲ್ಲ.

ಜಂಬಣ್ಣ


ಕುಮಟಾ
೧೫ ಡಿಸೆಂಬರ್ ೧೯೫೫

ಅಣ್ಣನಿಗೆ.

ನಿನ್ನ ಕಾಗದ ಓದಿ ಒಂದು ದಿನ ಅತ್ತೆ. ಎರಡನೆಯ ದಿನ ಸಿಟ್ಟು ಬಂತು. ಸಿಟ್ಟು ಇಳಿಯುವ ಮುಂಚೆ ಬರೆಯುತ್ತಿದ್ದೇನೆ, ಇಳಿದ ಮೇಲೆ ಮತ್ತೆ ಹೆದರಿಕೊಂಡು ಸುಮ್ಮನಾಗಿಬಿಡುತ್ತೇನೆ.

ಹೌದು, ಬೋರ್ಡು ಹಾಕಿದ್ದೇನೆ. ಕರೀಂಸಾಬನಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೆ ಅದರಲ್ಲಿ ಏನಿದೆ ಎಂದು ಅವನು ಹೇಳಲಿಲ್ಲ. ನಾನೇ ಹೇಳುತ್ತೇನೆ. "ಹಾಸಿಗೆಗೆ ಬಾಡಿಗೆ ಉಂಟು, ರೊಟ್ಟಿಗೆ ಇಲ್ಲ" ಎಂದಿದೆ. ಇವರೇ ಸುಣ್ಣದಲ್ಲಿ ಬರೆದದ್ದು. ನಿನ್ನ ಜೋಳ ಬರುವ ಮುಂಚೆ ಎರಡಕ್ಕೂ ತೆಗೆದುಕೊಳ್ಳುತ್ತಿದ್ದೆ. ಬದುಕಬೇಕಿತ್ತು, ತೆಗೆದುಕೊಂಡೆ. ಆಮೇಲೆ ನೀನು ದಾಸೋಹದ ಜೋಳ ಎಂದು ಹೇಳಿ ಕಳಿಸಿದೆ. ಆ ಚೀಲ ಬಿಚ್ಚಿದ ಕೈಯಿಂದ ರೊಟ್ಟಿಗೆ ರೊಕ್ಕ ಇಸಿದುಕೊಳ್ಳಲು ನನಗೆ ಆಗಲಿಲ್ಲ. ಅಂದಿನಿಂದ ಒಂದು ರೊಟ್ಟಿಗೂ ಬೆಲೆ ಕಟ್ಟಿಲ್ಲ.

ಇದರಿಂದ ಏನಾಗಿದೆ ಗೊತ್ತೇ? ಅಂಚೆಯವನು ದಿನಾ ಬೆಳಗ್ಗೆ ಬಂದು "ರೂಮು ಖಾಲಿ ಉಂಟೋ" ಎಂದು ಕೇಳುತ್ತಾನೆ. ಅವನ ಮನೆ ಇರುವುದು ಮುಂದಿನ ಓಣಿಯಲ್ಲಿ. ಕೇಳಿ, ಕೂತು, ಮೂರು ರೊಟ್ಟಿ ತಿಂದು, ನಾಳೆ ನೋಡೋಣ ಎಂದು ಹೋಗುತ್ತಾನೆ. ಕಚೇರಿಯ ಗುಮಾಸ್ತರಿಬ್ಬರು ಅವನನ್ನು ನೋಡಿ ಕಲಿತರು. ಯಮನೂರಮ್ಮ ಬೈಯುತ್ತ ಬಡಿಯುತ್ತಾಳೆ, ಬಡಿಯುತ್ತ ಬೈಯುತ್ತಾಳೆ. ಇದನ್ನು ಧಂದಾ ಎನ್ನುವವರು ಲೆಕ್ಕ ಕಲಿತಿಲ್ಲ.

ನಾನು ಮಾರುವುದು ಒಗೆದ ಹಾಸಿಗೆಯನ್ನು. ಸಮುದ್ರದ ಕಡೆ ತೆರೆಯುವ ಕಿಟಕಿಯನ್ನು. ಆ ಹಾಸಿಗೆಯ ಬಟ್ಟೆಗಳನ್ನು ನಾನೇ ಕಲ್ಲಿಗೆ ಸೆಳೆದು ಸೆಳೆದು ಒಗೆಯುತ್ತೇನೆ, ಉಪ್ಪು ಗಾಳಿಗೆ ಒಣಗಲು ಎರಡು ದಿನ ಬೇಕು. ಇದರಿಂದ ನಿನ್ನ ಮರಿಸ್ವಾಮಿಗೆ ಹಾಲು, ಔಷಧ ಬಂತು. ಅವರು ಗುಡ್ಡ ಹತ್ತುತ್ತಿದ್ದಾರೆ ಅಣ್ಣ. ಕುಂಕುಮ ಉಳಿದ ಹೆಣ್ಣುಮಗಳು ನಾಚಿಕೆಪಡಬೇಕಾದದ್ದು ಇದರಲ್ಲಿ ಏನಿದೆ ಎಂದು ನೀನೇ ಹೇಳು.

ನಿನಗೆ ಮೊದಲೇ ಹೇಳಲಿಲ್ಲ ಏಕೆಂದರೆ ನೀನು ಆದೆಪ್ಪಣ್ಣನ ಅಂಗಳದಲ್ಲಿ ನಿಂತು ಬಂದದ್ದನ್ನು ಬರೆದಿದ್ದೆ. ನನ್ನ ಅಂಗಳದಲ್ಲೂ ಹಾಗೆ ನಿಂತರೆ ನಾನು ತಾಳಲಾರೆ. ಅಪ್ಪ, ಅವ್ವ ಹೋದ ಮೇಲೆ ತವರು ಎಂದರೆ ನೀನೊಬ್ಬನೇ. ಕರೆಯದೆ ಬರುವ ಮಗಳು ನಾನಲ್ಲ. ನೀನು ಕರೆಯಲು ಬರಬೇಕು, ನನ್ನ ಮನೆಯಲ್ಲಿ ಉಣ್ಣಬೇಕು. ಇಲ್ಲದಿದ್ದರೆ ಎಳ್ಳ ಅಮಾವಾಸ್ಯೆ ನನ್ನ ಪಾಲಿಗೆ ಮುಗಿಯಿತು ಎಂದು ತಿಳಿಯುತ್ತೇನೆ.

ಅತ್ತಿಗೆಗೆ ಹೇಳು, ಮೂರು ತಿಂಗಳೂ ಇಲ್ಲ, ಆರು ತಿಂಗಳೂ ಇಲ್ಲ.

ಕಸ್ತೂರಿ


ಮಸ್ಕಿ
೧೫ ಜನವರಿ ೧೯೫೬

ಕುಮಟಾದಲ್ಲಿರುವ ಅಣ್ಣನಿಗೆ ಮಸ್ಕಿಯಿಂದ ತಂಗಿಯ ಶರಣು.

ವಿಳಾಸ ಬರೆಯುವಾಗ ನನಗೇ ನಗು ಬಂತು. ಅತ್ತಿಗೆಯೂ ನಕ್ಕಳು. "ತಂಗಿನ್ನ ಕರಕೊಂಡು ಬಾ ಅಂತ ಕಳಿಸಿದ್ರ, ಗಂಡನ್ನ ಕಳಕೊಂಡ್ನೆವ್ವ" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಕರೀಂಸಾಬನ ಲಾರಿ ನಿಂತು ನೀನು ಇಳಿದಾಗ ನಾನು ಹಾಸಿಗೆಯ ಬಟ್ಟೆ ಹಿಂಡುತ್ತಿದ್ದೆ. ಅವನ ಹೆಂಡತಿ ಇಮಾಮ್‌ಬೀ ಸಮುದ್ರ ನೋಡಲು ಬಂದಿದ್ದಳು, ಆಕೆ ಸೀದಾ ಒಳಗೆ ಬಂದಳು. ನೀನು ಮಾತ್ರ ಕೊಡೆ ಊರಿಕೊಂಡು ಅಂಗಳದಲ್ಲೇ ನಿಂತೆ. ಒಳಗೆ ಬಾ ಎಂದರೆ "ಕರಿಯಾಕ ಬಂದೀನಿ, ಕುಂದ್ರಾಕಲ್ಲ" ಎಂದೆ. ನೀನು ಬಂದೆ ಎಂದು ಸಂತೋಷಪಡಲೋ, ನಿಂತೇ ಇದ್ದೀಯ ಎಂದು ಅಳಲೋ ತಿಳಿಯಲಿಲ್ಲ. ಮನೆ ತುಂಬ ಜನ ಇದ್ದಾರೆ, ಇವರು ಒಂದಿಷ್ಟು ಮಂದಿಯನ್ನು ಗುಡ್ಡಕ್ಕೆ ಕರೆದೊಯ್ದಿದ್ದಾರೆ, ಬಿಟ್ಟು ಹೇಗೆ ಬರಲಿ ಎಂದೆ. ನೀನು ನೆಲ ನೋಡುತ್ತ ನಿಂತವನು, "ಚರಗ ಚೆಲ್ಲಾಕ ಮನಿಮಗಳು ಇರಬೇಕು. ನೀ ಹೋಗು. ಮಂದಿನ್ನ ನಾ ನೋಡಿಕೊಂತೀನಿ" ಎಂದೆ. ಹಾಗೆಂದವನು ಬಾವಿಯ ನೀರನ್ನೂ ಮುಟ್ಟಲಿಲ್ಲ. ಎಳನೀರು ಕೊಚ್ಚಿಸಿಕೊಂಡು, ಇದು ಮರ ಕೊಟ್ಟದ್ದು, ಯಾರೂ ಮಾರಿದ್ದಲ್ಲ ಎಂದೆ. ನಾನು ಇಮಾಮ್‌ಬೀ ಜೊತೆ ಲಾರಿ ಹತ್ತುವಾಗ ನೀನು ನಿನ್ನ ಬುತ್ತಿಯ ಗಂಟು ಬಿಚ್ಚಿ ಖಡಕ್ ರೊಟ್ಟಿ ಮುರಿಯುತ್ತಿದ್ದೆ.

ಚರಗ ಚೆನ್ನಾಗಿ ಆಯಿತು. ಸಜ್ಜೆರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಹೋಳಿಗೆ ಎಲ್ಲ ಬಂಡಿಯಲ್ಲಿ ಒಯ್ದೆವು. ಹೊಲದ ಸುತ್ತ ನಾನೇ ಚೆಲ್ಲಿದೆ. ಕಾಲುವೆ ಕೆಲಸಕ್ಕೆ ಬಂದ ತೆಲುಗು ಮಂದಿ ಹಾದಿಯಲ್ಲಿ ಹೋಗುತ್ತಿದ್ದರು, ಅತ್ತಿಗೆ ಅವರನ್ನೂ ಕರೆದು ಕೂಡಿಸಿದಳು. ಜೋಳ ತೆನೆ ಹಿಡಿದಿದೆ. ಎಲ್ಲರೂ ಇದ್ದರು, ನೀನು ಇರಲಿಲ್ಲ. ನನಗೆ ತುತ್ತು ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇಳಿಯಿತು. ಆದರೆ ಪ್ರತಿ ತುತ್ತಿಗೂ ನಿನ್ನ ನೆನಪಾಯಿತು.

ನಿನ್ನ ಬುತ್ತಿ ಇಷ್ಟರಲ್ಲಿ ಮುಗಿದಿರಬೇಕು. ಏನು ತಿನ್ನುತ್ತಿದ್ದೀಯ ಅಣ್ಣ? ನಿಜ ಬರೆ.

ಕಸ್ತೂರಿ


ಕುಮಟಾ
೨೩ ಜನವರಿ ೧೯೫೬

ಚಿ. ಸೌ. ಕಸ್ತೂರಿಗೆ ಅಣ್ಣನ ಆಶೀರ್ವಾದ.

ನೀನು ಹೋದ ಮರುದಿನ ಬೆಳಗ್ಗೆ ಯಮನೂರಮ್ಮ ನನ್ನ ಮುಂದೆ ಬಂದು ನಿಂತಳು. "ನಾ ಬಡಿಬೇಕೋ, ನೀಡಬೇಕೋ ಹೇಳ್ರಿ. ಎರಡು ಆಗಂಗಿಲ್ಲ" ಎಂದಳು. ಅಂಗಡಿಯಲ್ಲಿ ರೊಕ್ಕದ ಗಲ್ಲೆಯ ಹಿಂದೆ ಕೂತು ಆಳುಗಳಿಗೆ ಹುಕುಂ ಮಾಡಿದವನು ನಾನು. ರುಮಾಲು ತೆಗೆದಿಟ್ಟು ರೊಟ್ಟಿಯ ಬುಟ್ಟಿ ಹಿಡಿದೆ. ನಿನ್ನ ಅಂಚೆಯವನಿಗೂ ನೀಡಿದೆ. ಅವನಿಗೆ ರೂಮು ಖಾಲಿ ಇದೆ, ಇವತ್ತೇ ಬಂದು ಇರು ಎಂದೆ. ಮೂರು ದಿನ ಈ ಕಡೆ ಸುಳಿಯಲಿಲ್ಲ, ಆಮೇಲೆ ನಾನೇ ಕರೆಸಿದೆ. ಇಲ್ಲವಾದರೆ ನಿನ್ನ ಕಾಗದ ಮುಟ್ಟಬೇಕಲ್ಲ.

ಬುತ್ತಿ ಎರಡು ದಿನ ಬಂತು. ಆಮೇಲೆ ಎಳನೀರು, ಬಾಳೆಹಣ್ಣು, ಮತ್ತೆ ಎಳನೀರು. ಹೊಟ್ಟೆಯೊಳಗೆ ನಿನ್ನ ಸಮುದ್ರವೇ ಕುಲುಕಾಡುತ್ತಿತ್ತು. ಮರಿಸ್ವಾಮಿ ನೋಡಿಯೂ ನೋಡದವನಂತೆ ಇದ್ದ, ಒಳ್ಳೆಯವ.

ಬಾಗಲಕೋಟೆಯ ಕನಕಮ್ಮ ಎಂಬ ಮುದುಕಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಅಂದು ಬೆಳಗ್ಗೆ ಎಲ್ಲರಿಗೂ ನೀಡಿದ್ದೆ, ಆಕೆ ಮಾತ್ರ ತಾಟು ಮುಟ್ಟದೆ ನನ್ನ ಮುಖ ನೋಡುತ್ತ ಕೂತಳು. ಉಪ್ಪು ಕಡಿಮೆಯಾಯಿತೇ ಎಂದು ಕೇಳಿದೆ. "ನಾಕು ದಿನ ಆತು ನೋಡಾಕತ್ತೀನಿ. ಉಣಿಸಾವ ಉಪವಾಸ ಇದ್ರ ನಮಗ ಹ್ಯಾಂಗ ಇಳೀತೈತಿ? ಕೂಡೋ ತಮ್ಮಾ. ನೀ ಕೂತರ ನಾ ತಿಂತೀನಿ" ಎಂದಳು. ಮೊಮ್ಮಕ್ಕಳೂ ತಾಟಿನಿಂದ ಕೈ ತೆಗೆದರು. ಗದಗಿನವರೂ ಕೈ ತೆಗೆದರು. ಗುಮಾಸ್ತರು ಮಾತ್ರ ತಿನ್ನುತ್ತಲೇ ಇದ್ದರು. ಮಂದಿ ಉಪವಾಸ ಕೂತ ಮನೆಯಲ್ಲಿ ನನ್ನ ಹಟ ಎತ್ತಿ ಹಿಡಿಯಲು ನನಗೆ ಆಗಲಿಲ್ಲ. ಅಪ್ಪನಿಗೂ ಆಗುತ್ತಿರಲಿಲ್ಲ. ಕೂತೆ. ಮುದುಕಿ ತನ್ನ ತಾಟಿನ ಬಿಸಿ ರೊಟ್ಟಿ ಎತ್ತಿ ನನ್ನ ಮುಂದೆ ಹಾಕಿದಳು. ನಮ್ಮ ಹೊಲದ ಜೋಳ ಬಾಯಿಗೆ ಬಿದ್ದೊಡನೆ ಗೊತ್ತಾಗುತ್ತದೆ. ನಾಲ್ಕು ತಿಂದೆ. ಯಮನೂರಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದಳು, ಮತ್ತೆ ಹೋಗಿ ಒಲೆಗೆ ಸೌದೆ ಸರಿಸಿ ಇನ್ನೊಂದು ಬಡಿದಳು.

ಹೊರಡುವ ದಿನ ಕನಕಮ್ಮ ಹಾಸಿಗೆಯ ಬಾಡಿಗೆ ಕೊಡಲು ಬಂದಳು. ನಾನು ಬೇಡ ಎಂದು ಕೈ ಹಿಂದೆ ಕಟ್ಟಿದೆ. ಮುದುಕಿಗೆ ಸಿಟ್ಟು ಬಂತು. "ನಿನ್ನ ತಂಗಿ ಕೈ ಸವೆಯೂಹಂಗ ಒಗದು ಹಾಸ್ಯಾಳ. ಪುಕ್ಕಟ ಮಲಗಾಕ ನಾವೇನು ನಿಮ್ಮ ಬೀಗರೇನು? ಹಿಡಿ." ಹಿಡಿದೆ. ಆಕೆಯದನ್ನು ಎಣಿಸದೆ ಜೇಬಿಗೆ ಹಾಕಿದೆ. ಎರಡನೆಯವರದ್ದನ್ನು ಎಣಿಸಿ ಹಾಕಿಕೊಂಡೆ. ಈಗ ಕಿಟಕಿ ತೆರೆದು, ನೋಡಿರಿ, ಇಂಥ ಸಮುದ್ರ ಬೇರೆ ಎಲ್ಲಿಯೂ ಕಾಣಿಸುವುದಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆ ಎಲ್ಲಿಯೂ ನಾನು ಸಮುದ್ರ ನೋಡಿಲ್ಲ, ಅದು ಬೇರೆ ಮಾತು.

ನಿನ್ನೆ ಮರಿಸ್ವಾಮಿಯ ಹಿಂದೆ ಗುಡ್ಡ ಹತ್ತಿದೆ. ಅವನು ಮುಂದೆ, ನಾನು ಹಿಂದೆ ಏದುಸಿರು ಬಿಡುತ್ತ. ತುದಿಯಲ್ಲಿ ನಿಂತು, ಸೂರ್ಯ ನೀರಿಗೆ ಇಳಿಯುವುದನ್ನು ನೋಡಿದೆ. ಅವನ ಎದೆಯಲ್ಲಿ ಸದ್ದೇ ಇಲ್ಲ ಕಸ್ತೂರಿ. ಇದಕ್ಕಾಗಿ ನೀನು ಹಾಸಿಗೆ ಒಗೆದೆ, ಇದನ್ನು ತಿಳಿಯದೆ ನಾನು ಅಂಗಳದಲ್ಲಿ ಕೊಡೆ ಊರಿಕೊಂಡು ನಿಂತೆ. ಪಾಠ ಇನ್ನೂ ಮುಗಿದಿರಲಿಲ್ಲ, ನಾನು ಕಣ್ಣು ಒರೆಸಿಕೊಂಡದ್ದು ಅವನಿಗೆ ಕಾಣಲಿಲ್ಲ.

ನೀನು ನಿಜ ಬರೆ ಎಂದೆ, ಬರೆದಿದ್ದೇನೆ. ನಿನ್ನ ಮನೆಯಲ್ಲಿ ಉಂಡೆ. ಒಂದು ವರ್ಷದಿಂದ ನೀನು ಕಾದದ್ದು ಅದಕ್ಕೇ, ಮತ್ತು ನಾನು ಉಣ್ಣುವ ಹೊತ್ತಿಗೆ ನೀನೊಬ್ಬಳೇ ಇರಲಿಲ್ಲ. ಯಾವುದೋ ಊರಿನ ಮುದುಕಿ ನೀಡಿದಳು. ಇದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ. ತವರಿನಲ್ಲಿ ಇನ್ನೂ ನಾಲ್ಕು ದಿನ ಇರು ಎನ್ನಬೇಕಾದ ಅಣ್ಣ ನಾನು, ಎನ್ನುವುದಿಲ್ಲ. ಕರೀಂಸಾಬನ ಲಾರಿ ಹೊರಟ ದಿನವೇ ಹೊರಟು ಬಾ. ನೀನು ಬರುವ ದಿನ ಬೆಳಗ್ಗೆ ಎಲ್ಲರಿಗೂ ನೀಡಿ, ನಾನು ತಿನ್ನದೆ ಕೂತಿರುತ್ತೇನೆ.

ಜಂಬಣ್ಣ